ತೊಟ್ಟಿಲಾಗಿನ ಗುಂಡುಕಲ್ಲು

ಪೆದ್ದಕಡುಬೂರು
ಶ್ರಾವಣ, 1954

ನಮ್ಮ ಗುರುಬಸಿಯ ಅಪ್ಪನವರಿಗೆ ಕೊಟ್ರಮ್ಮನ ನಮಸ್ಕಾರ.

ಕೂಸು ಹೋದ ಸುದ್ದಿ ಮಾವನವರು ಬರೆದ ಕಾಗದದಾಗ ತಿಳಿದಿರಬೇಕು. ನಾನು ಅದನ್ನ ಮತ್ತ ಬರಿಯೋದಿಲ್ಲ. ಎಮ್ಮಿ ಹಾಲು ಕೊಡಾಕತ್ತೈತಿ. ಅತ್ತಿಯವರ ಮೊಣಕಾಲು ನೋವು ಹಂಗ ಐತಿ.

ಈಗ ಬರಿಯೋದು ಅಡಿಗಿಮನಿ ಗುಂಡುಕಲ್ಲಿನ ಸಲುವಾಗಿ. ಹೋದ ವಾರ ಬಾಜು ಮನ್ಯಾಗ ಹೆಸರಿಟ್ಟರು. ತೊಟ್ಟಿಲಿಗೆ ಮೊದಲು ಗುಂಡುಕಲ್ಲು ಹಾಕಿ ತೂಗಿ, ಆಮ್ಯಾಲೆ ಕೂಸನ್ನ ಮಲಗಿಸಿದ್ದನ್ನ ಗುರುಬಸಿ ನೋಡ್ಯಾಳ. ನಮ್ಮ ಕೂಸಿಗೆ ಆ ದಿನ ಬರಲೇ ಇಲ್ಲ. ಈಗ ಆಕಿ ಹಿತ್ತಲ ಬೇವಿನ ಗಿಡಕ್ಕ ನನ್ನ ಹಳೇ ಸೀರಿ ಜೋಳಿಗಿ ಕಟ್ಟಿ, ನಮ್ಮ ಗುಂಡುಕಲ್ಲಿಗೆ ನಾ ಕೂಸಿಗಂತ ಹೊಲಿದಿಟ್ಟ ಕುಂಚಿಗಿ ತೊಡಿಸಿ ಮಲಗಿಸ್ಯಾಳ. ಅಷ್ಟು ಭಾರದ್ದು ಹೆಂಗ ಹೊತ್ತೊಯ್ದಳೋ. ಮೊದಲು ಕಲ್ಲು ಮಲಗಬೇಕಂತ, ಆಮ್ಯಾಲೆ ತಮ್ಮ ಬರ್ತಾನಂತ. ನಾವು ಕಲ್ಲು ಮಲಗಿಸಲಿಲ್ಲ, ಅದಕ್ಕ ಅಂವ ಹೊಳ್ಳಿ ಹೋದನಂತ.

ಖಾರ ಅರಿಯಾಕ ಕಲ್ಲಿಲ್ಲ ಅಂತ ಅತ್ತಿಯವರು ದಿನಾ ಬೈತಾರ. ಬೈಸಿಕೊಳ್ಳಾಕೂ ಸಾಕಾಗೈತಿ. ನಿನ್ನೆ ತರಾಕ ಹೋಗಿದ್ದೆ. ಗುರುಬಸಿ ಬಾಯಿ ಮ್ಯಾಲೆ ಬೆರಳಿಟ್ಟು, ಈಗಷ್ಟ ನಿದ್ದಿ ಹತ್ತೈತಿ ಅಂದಳು. ನಾನೂ ಒಂದಿಷ್ಟೊತ್ತು ತೂಗಿ, ಬರಿಗೈಲೆ ಒಳಗ ಬಂದೆ.

ನೀವಿರೋ ಕಾಲುವಿ ಕೆಲಸದಾಗ ಕಲ್ಲು ಕಡಿಯೋರು ಅದಾರಲ್ಲ. ಬರೋವಾಗ ನಮ್ಮ ಒರಳಿಗೆ ಹೊಂದೋ ಗುಂಡುಕಲ್ಲು ಒಂದು ಕಡಿಸಿಕೊಂಡು ಬರ್ರಿ.

ನಮ್ಮದು ಇನ್ನ ಎದ್ದಿಲ್ಲ.

ಇಂತಿ,
ಕೊಟ್ರಮ್ಮ