ನಿಮ್ಮ ಬಗ್ಗೆ ವಿಚಾರಿಸಿದೆ

ವಕೀಲರಿಗೆ ನಮಸ್ಕಾರ.

ನಮ್ಮ ಯಜಮಾನರು ತೀರಿಹೋದ ಮೇಲೆ ಅವರ ಪುಸ್ತಕ ಬೈಂಡಿಂಗ್ ಅಂಗಡಿಯನ್ನು ನನ್ನ ಹೆಸರಿಗೆ ಮಾಡಿಸಬೇಕಾಗಿದೆ. ಕೆಲಸ ಒಪ್ಪಿಸುವ ಮುಂಚೆ ನಿಮ್ಮ ಬಗ್ಗೆ ವಿಚಾರಿಸಲು, ನೀವೇ ನಂಬರ್ ಕೊಟ್ಟ ನಿಮ್ಮ ಮೂವರು ಹಳೆಯ ಕಕ್ಷಿದಾರರಿಗೆ ಫೋನ್ ಮಾಡಿದೆ. ಇಬ್ಬರು "ಒಳ್ಳೇ ವಕೀಲರು" ಎಂದು ಫೋನ್ ಇಟ್ಟರು. ಮೂರನೆಯವರು, ಗಡಿಯಾರ ರಿಪೇರಿಯ ಅಜ್ಜ, ನಿಮ್ಮ ವಿಷಯವನ್ನು ಎರಡೇ ಮಾತಿನಲ್ಲಿ ಮುಗಿಸಿ, "ಊಟ ಆಯ್ತೇನಮ್ಮ? ಅಂಗಡೀಲಿ ಒಬ್ಳೇ ಇರ್ತೀಯಾ?" ಎಂದು ನನ್ನನ್ನೇ ವಿಚಾರಿಸಿದರು. ಸುಳ್ಳೇಕೆ, ಅರ್ಧ ಗಂಟೆ ಮಾತಾಡಿದೆ. ಬಟ್ಟಲಿನ ಅಂಟು ಗಟ್ಟಿಯಾಯಿತು.

ಕೆಲಸ ನಿಮಗೇ. ಕಾಗದಪತ್ರ ಸೋಮವಾರ ತರುತ್ತೇನೆ. ಆದರೆ ದಯವಿಟ್ಟು ಇದನ್ನು ಅಜ್ಜನಿಗೆ ಹೇಳಬೇಡಿ. ನಾನಿನ್ನೂ ನಿಮ್ಮ ಬಗ್ಗೆ ವಿಚಾರಿಸುತ್ತಲೇ ಇದ್ದೇನೆ ಎಂದುಕೊಂಡಿದ್ದಾರೆ. ಗುರುವಾರ ಅವರಿಗೆ ಮತ್ತೆ ಫೋನ್ ಮಾಡಬೇಕು.

ಇತಿ,
ಬೈಂಡಿಂಗ್ ಅಂಗಡಿಯವಳು