ಹಣೆಯ ತಗ್ಗು

ಹೆಂಗಸರ ಸೆರೆಮನೆ, ಮಕ್ಕಳ ಕೋಣೆ
ಜುಲೈ ೧೪, ಭಾನುವಾರ

ಅತ್ತೆಗೆ ನ್ಯಾಕಿಯೋ ತಲೆಬಾಗಿ ಬರೆಯುವುದು.

ನಮ್ಮ ಕಡೆಯ ರೀತಿಯಲ್ಲಿ ನಿಮ್ಮನ್ನು ಮಗನ ಹೆಸರು ಹಿಡಿದು ‘ಮಥೆಂಗೆಯ ತಾಯಿ’ ಎಂದು ಕರೆಯಬೇಕಿತ್ತು. ಹಾಗೆ ಕರೆಯುವ ಹಕ್ಕನ್ನು ನಾನೇ ಕಳೆದುಕೊಂಡಿದ್ದೇನೆ. ಅದಕ್ಕೆ ಬರಿಯ ಅತ್ತೆ ಎಂದಿದ್ದೇನೆ. ಅದೂ ಬೇಡವೆನಿಸಿದರೆ ಆ ಸಾಲನ್ನು ಬಿಟ್ಟು ಮುಂದಿನದನ್ನು ಕೇಳಿ. ಇದನ್ನು ನಿಮಗೆ ಓದಿ ಹೇಳುತ್ತಿರುವವರು ಯಾರೇ ಆಗಿರಲಿ, ದಯವಿಟ್ಟು ನಡುವೆ ನಿಲ್ಲಿಸಬೇಡಿ.

ವಾಹೋಮೆಗೆ ಈ ತಿಂಗಳ ಕೊನೆಗೆ ನಾಲ್ಕು ವರ್ಷ ತುಂಬುತ್ತದೆ. ನಾಲ್ಕು ತುಂಬಿದ ಮಗು ತಾಯಿಯ ಜೊತೆ ಇಲ್ಲಿರುವಂತಿಲ್ಲ. ರಕ್ತಸಂಬಂಧಿಗಳು ಬಂದರೆ ಅವರ ಜೊತೆ ಕಳಿಸುತ್ತಾರೆ, ಬಾರದಿದ್ದರೆ ಅನಾಥಾಲಯದ ವ್ಯಾನು ಬರುತ್ತದೆ. ನನ್ನ ಅಣ್ಣಂದಿರು ಆಗಲೇ ಆಗುವುದಿಲ್ಲ ಎಂದಿದ್ದಾರೆ. ಉಳಿದವರು ನೀವೊಬ್ಬರೇ.

ಇಲ್ಲಿಂದ ಬಂದ ಅಧಿಕಾರಿಗೆ ನೀವು ಕೊಟ್ಟ ಉತ್ತರ ನನಗೆ ತಲುಪಿದೆ. “ಆ ಹೆಸರಿನ ಗಂಡ ನನಗೊಬ್ಬನೇ ಇದ್ದ. ಅವನನ್ನ ಮಣ್ಣು ಮಾಡಿಯಾಯ್ತು” ಅಂದಿರಂತೆ. ಅದನ್ನು ಕೇಳಿದ ಮೇಲೂ ಬರೆಯುತ್ತಿದ್ದೇನೆ, ನೋಡಿ. ಯಾಕೆಂದರೆ ಅದೇ ಬಾಯಿ ಒಮ್ಮೆ ಬೇರೆ ಮಾತನ್ನೂ ಆಡಿತ್ತು. ನಾನು ಬಸುರಿಯಾಗಿದ್ದಾಗ ಟೀ ಎಲೆ ಕಿತ್ತು ಬಂದು ಒಲೆಯ ಮುಂದೆ ಕೂತು ನನ್ನ ಹೊಟ್ಟೆ ತಟ್ಟುತ್ತಿದ್ದಿರಿ. “ಏ ಮುದುಕ, ಬೇಗ ಬಾರೋ! ಹೋದ ಸಲ ಒಂದು ಮಾತೂ ಕೇಳಲಿಲ್ಲ, ಈ ಸಲ ಹೇಳಿದ ಹಾಗೆ ಕೇಳ್ಕೊಂಡಿರಬೇಕು” ಎಂದು ನಗುತ್ತಿದ್ದಿರಿ. ನಮ್ಮಲ್ಲಿ ಮೊದಲ ಮಗ ಅಜ್ಜನ ಹೆಸರು ಹೊತ್ತು ಹುಟ್ಟುತ್ತಾನೆ, ಅಜ್ಜಿಗೆ ಅವನೇ ಗಂಡ. ವಾಹೋಮೆ ಇಲ್ಲಿ ಹುಟ್ಟಿದಾಗ ಆ ಹೆಸರಿಡುವಂತೆ ಯಾರೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಮಾವನವರ ಹೆಸರನ್ನೇ ಇಟ್ಟೆ.

ಇಲ್ಲಿ ನನಗೆ ಮಕ್ಕಳ ಕೋಣೆಯ ಕೆಲಸ. ಆಟಿಕೆಗಳು ಬರುವುದು ಅಪರೂಪ, ಹಾಗಾಗಿ ನಾವೇ ಮಾಡುತ್ತೇವೆ. ಮೆಕ್ಕೆಜೋಳದ ಹಿಟ್ಟಿಗೆ ಹಿಡಿ ಉಪ್ಪು, ಚೂರು ಎಣ್ಣೆ ಹಾಕಿ ಊಟದ ಉಗಾಲಿ ತೊಳಸುವ ಹಾಗೆಯೇ ಒಲೆಯ ಮೇಲೆ ತೊಳಸಿ ಮುದ್ದೆ ಮಾಡುವುದು. ಸೊಪ್ಪು ಬೇಯಿಸಿದ ನೀರಿನಲ್ಲಿ ಹಸಿರು ಬಣ್ಣ, ಬೂದಿಯಲ್ಲಿ ಕಪ್ಪು, ಕೆಮ್ಮಣ್ಣಿನಲ್ಲಿ ಕೆಂಪು. ಮಕ್ಕಳು ಹಿಚುಕುತ್ತಾರೆ, ಎಳೆಯುತ್ತಾರೆ, ಮೂಸುತ್ತಾರೆ. ತಿನ್ನದಿರಲಿ ಎಂದೇ ಉಪ್ಪು ಜಾಸ್ತಿ ಹಾಕುವುದು. ಆದರೂ ತಿನ್ನುತ್ತಾರೆ.

ಮೊದಮೊದಲು ಅವು ಬರಿಯ ಆಟಕ್ಕಾಗಿದ್ದವು. ಮಗ ಹೊರಗೆ ಹೋಗುವ ದಿನ ಹತ್ತಿರವಾದಂತೆ ನನಗೆ ಬೇರೆ ಭಯ ಹತ್ತಿತು. ವಾಹೋಮೆ ಮೇಕೆಯನ್ನು ಮುಟ್ಟಿಲ್ಲ. ಇಲ್ಲಿ ಇರುಳೆಲ್ಲ ದೀಪ ಉರಿಯುವುದರಿಂದ ಅವನು ಕತ್ತಲೆಯನ್ನೇ ಕಂಡಿಲ್ಲ. ಮುಚ್ಚಿದ ಬಾಗಿಲ ಮುಂದೆ ಸುಮ್ಮನೆ ನಿಂತು ಕಾಯುತ್ತಾನೆ. ಬಾಗಿಲನ್ನು ತಳ್ಳಬಹುದು ಎಂಬುದು ಅವನಿಗೆ ಗೊತ್ತಿಲ್ಲ. ಹೀಗಿರುವ ಮಗು ನಿಮ್ಮ ಅಂಗಳಕ್ಕೆ ಬಂದು ಎಲ್ಲಕ್ಕೂ ಹೆದರಿ ಚೀರಿದರೆ, ತಾಯಿಯಂತೆ ಇದೂ ಕೆಟ್ಟ ಬೀಜ ಎಂದು ನೀವು ಅಂದುಕೊಳ್ಳಬಾರದಲ್ಲ.

ಕಾವಲಿನ ಚೆಬೆಟ್ ಮೇಡಂ ಒಳ್ಳೆಯವರು. ಅವನಿಗೆ ಮುಟ್ಟಿಸಲು, ಮೂಸಿಸಲು ಹೊರಗಿನ ಕೆಲವು ವಸ್ತು ತಂದುಕೊಡಿ ಎಂದು ಕೇಳಿದಾಗ ಮೊದಲು “ನನ್ನನ್ನೇನು ಸಂತೆಗೆ ಹೋಗೋ ಕತ್ತೆ ಅಂದ್ಕೊಂಡ್ಯಾ?” ಎಂದು ಗದರಿದರು. ಆಮೇಲೆ ಕೈಚೀಲದಲ್ಲಿ ಮೇಕೆಯ ಕೂದಲು, ಹಸಿ ಟೀ ಎಲೆ, ಕೋಳಿ ಪುಕ್ಕ, ಒಂದು ಪೊಟ್ಟಣ ಕೆಮ್ಮಣ್ಣು ತಂದರು. ಕೆಲವನ್ನು ಬಾಟಲಿಗೆ ತುಂಬಿದೆ, ಕೆಲವನ್ನು ರಟ್ಟಿಗೆ ಹೊಲಿದೆ. ದೊಡ್ಡ ರಟ್ಟಿನ ಪೆಟ್ಟಿಗೆಗೆ ಕಂಬಳಿ ಮುಚ್ಚಿ ಕತ್ತಲೆಯನ್ನೂ ಮಾಡಿದೆ. ಮೊದಲ ಸಲ ಒಳಗೆ ಹೋದವನು ಉಚ್ಚೆ ಹೊಯ್ದುಕೊಂಡ. ಈಗ ಒಳಗೆ ಕೂತು ತನ್ನಷ್ಟಕ್ಕೆ ಹಾಡಿಕೊಳ್ಳುತ್ತಾನೆ. ನನ್ನ ಪಕ್ಕದ ಹಾಸಿಗೆಯ ಅಪಿಯೊ ಇದನ್ನೆಲ್ಲ ನೋಡಿ, “ಲೇ, ಮೇಕೆ ಅಂದ್ರೆ ಬಾಟ್ಲಿ ಅಂತ ಕಲಿಸಿದ್ದೀಯ. ನಾಳೆ ನಿಜವಾದ ಮೇಕೆ ಕಂಡ್ರೆ ಮುಚ್ಚಳ ಎಲ್ಲಿ ಅಂತ ಹುಡುಕ್ತಾನೆ, ನೋಡ್ತಿರು!” ಎಂದು ಕೋಣೆಯನ್ನೆಲ್ಲ ನಗಿಸಿದಳು. ನಾನೂ ನಕ್ಕೆ. ನಗುವುದು ಇಲ್ಲಿ ಹೀಗೆಯೇ, ಯಾವುದೋ ಭಯದ ಮೇಲೆ.

ಕೊನೆಗೆ ಮಾಡಿದ್ದು ನಿಮ್ಮನ್ನು.

ಕೋಪಿಸಿಕೊಳ್ಳಬೇಡಿ ಅತ್ತೆ. ಚೆಬೆಟ್ ಮೇಡಂ ಒಂದು ಹಳೆಯ ಶಾಲನ್ನು ತಮ್ಮ ಅಡುಗೆಮನೆಯ ಒಲೆಯ ಮೇಲೆ ಕಟ್ಟಿ ಹೊಗೆ ಹಿಡಿಸಿ ತಂದುಕೊಟ್ಟರು. ನಿಮ್ಮ ಶಾಲಿನ ವಾಸನೆ ಬರಲೆಂದು ಅದರ ಅಂಚಿಗೆ ಚಿಟಿಕೆ ನಶ್ಯ ತಿಕ್ಕಿದೆ. ಕತ್ತಾಳೆ ನಾರನ್ನು ಹೊಸೆದು ನಿಮ್ಮ ಬುಟ್ಟಿಯ ಪಟ್ಟಿಯಂಥ ಪಟ್ಟಿ ಹೆಣೆದೆ. ಆದರೆ ನೆನಪಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಉಳಿದದ್ದು ನಿಮ್ಮ ಹಣೆ. ಹುಡುಗಿಯಾಗಿದ್ದಾಗಿನಿಂದ ಸೌದೆ, ನೀರು, ಟೀ ಎಲೆಯ ಬುಟ್ಟಿಗಳನ್ನು ಹಣೆಪಟ್ಟಿಯಿಂದ ಹೊತ್ತು ಹೊತ್ತು ಅಲ್ಲೊಂದು ತಗ್ಗು ಬಿದ್ದಿದೆಯಲ್ಲ, ಅದು. ಮದುವೆಯ ಮಾರನೆಯ ದಿನ ನಿಮ್ಮ ತಲೆಗೆ ಎಣ್ಣೆ ಹಚ್ಚುವಾಗ ನನ್ನ ಬೆರಳು ಅದರೊಳಗೆ ಇಳಿದು ನಿಂತಿತ್ತು. “ಹೆದರಬೇಡ, ನಿನಗೂ ಬರುತ್ತೆ” ಅಂದಿರಿ.

ನನಗೆ ಬರಲಿಲ್ಲ. ಅದಕ್ಕೆ ಪಟ್ಟಿಯನ್ನು ಹಣೆಗೆ ಬಿಗಿದು, ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಮುಂದಕ್ಕೆ ಜಗ್ಗಿ ನಿಲ್ಲುತ್ತೇನೆ. ಬಿಚ್ಚಿದ ಮೇಲೆ ಸ್ವಲ್ಪ ಹೊತ್ತು ತಗ್ಗು ಉಳಿಯುತ್ತದೆ. ಅಷ್ಟರಲ್ಲಿ ಶಾಲು ಹೊದ್ದು, ಬೆನ್ನು ಬಾಗಿಸಿ, ನಿಮ್ಮ ದನಿಯಲ್ಲಿ “ನನ್ನ ಗಂಡ ಎಲ್ಲಪ್ಪಾ?” ಎಂದು ಕೂಗುತ್ತೇನೆ. ವಾಹೋಮೆ ಓಡಿ ಬಂದು ಕುತ್ತಿಗೆಗೆ ಬೀಳುತ್ತಾನೆ. ಶಾಲು ಮೂಸಿ, ಬೆರಳನ್ನು ನನ್ನ ಹಣೆಯ ತಗ್ಗಿನಲ್ಲಿ ಇತ್ತಿಂದತ್ತ ಓಡಿಸುತ್ತಾನೆ. “ಇಲ್ಲಿದ್ದೀನಿ ಮುದುಕಿ!” ಅನ್ನುತ್ತಾನೆ. ಹಾಗೆ ಅನ್ನಲು ಕಲಿಸಿದವಳು ನಾನೇ. ನೀವು ನಗುತ್ತೀರೇನೋ ಎಂದು.

ಈಗೀಗ ಮಲಗುವ ಹೊತ್ತಿಗೂ ಅವನಿಗೆ ಅಜ್ಜಿಯೇ ಬೇಕು. ಮೊನ್ನೆ ಶಾಲಿಲ್ಲದೆ ಎತ್ತಿಕೊಳ್ಳಲು ಹೋದರೆ ನನ್ನನ್ನು ತಳ್ಳಿ, “ನೀನಲ್ಲ, ಅಜ್ಜಿ” ಅಂದ. ಅಪಿಯೊ ಈ ಸಲ ನಗಲಿಲ್ಲ. “ನಿನ್ನನ್ನ ನೀನೇ ಒರೆಸಿ ಹಾಕ್ತಿದ್ದೀಯಲ್ಲೇ, ಹುಚ್ಚಿ. ಆ ಮುದುಕಿ ಬರದಿದ್ರೆ?” ಅಂದಳು. ಬರುತ್ತಾರೆ ಎಂದೆ. ಆ ಮಾತಿನಲ್ಲಿ ನನಗೇ ನಂಬಿಕೆ ಇರಲಿಲ್ಲ. ಆದರೆ ನನ್ನನ್ನು ಬಿಟ್ಟು ಹೋಗುವಾಗ ಅವನು ಅಳದಿದ್ದರೆ ಸಾಕು ಎಂದುಕೊಂಡೆ. ಅಷ್ಟಾದರೂ ನನ್ನ ಕೈಯಿಂದ ಆಗುವ ಕೆಲಸ.

ಆ ಸಂಜೆಯ ಬಗ್ಗೆ ಬರೆಯಬಾರದೆಂದಿದ್ದೆ. ಮಥೆಂಗೆ ಕುಡಿದು ಹೊಡೆದ ದಿನಗಳಲ್ಲಿ ನನ್ನ ಬೆನ್ನಿಗೆ ಬಿಸಿ ಉಪ್ಪಿನ ಶಾಖ ಕೊಟ್ಟವರು ನೀವೇ. ಕೋರ್ಟಿನಲ್ಲಿ ನೀವು ಏನನ್ನೂ ನೋಡಿಲ್ಲ ಅಂದಿರಿ. ಸತ್ತವನ ತಾಯಿ ಇನ್ನೇನು ಹೇಳಿಯಾಳು? ಅದಕ್ಕಾಗಿ ನನಗೆ ಸಿಟ್ಟಿಲ್ಲ. ಮಚ್ಚು ಎತ್ತಿದ್ದು ನನ್ನ ಕೈ. ಹೊಟ್ಟೆಯೊಳಗಿನದನ್ನು ಒದೆಯಲು ಬಂದವನು ಅದರ ತಂದೆ. ಇವೆರಡೂ ನಿಜ. ಎರಡರಲ್ಲೂ ವಾಹೋಮೆಯ ತಪ್ಪಿಲ್ಲ.

ಕ್ಷಮೆ ಬೇಡುತ್ತಿಲ್ಲ ಅತ್ತೆ. ನನ್ನನ್ನು ನೋಡುವುದೂ ಬೇಡ. ಗೇಟಿನ ಬಳಿ ಬಂದು, ಹೊದ್ದ ಶಾಲಿನಲ್ಲೇ ನಿಂತು ಒಮ್ಮೆ ಕೂಗಿದರೆ ಸಾಕು. ಅವನೇ ಬರುತ್ತಾನೆ. ಕತ್ತಲೆಗೆ ಹೆದರುವುದಿಲ್ಲ. ಬಾಗಿಲು ತಳ್ಳುವುದನ್ನು ಮಾತ್ರ ನೀವೇ ಹೇಳಿಕೊಡಬೇಕು. ಅದಕ್ಕೆ ನಾನು ಹಲಗೆಗೆ ಚಿಲಕ ಹೊಡೆದು ಒಂದು ಆಟ ಮಾಡಿದ್ದೆ. ಕೈದಿಯ ಹತ್ತಿರ ಚಿಲಕ ಇರಕೂಡದೆಂದು ತೆಗೆದುಕೊಂಡು ಹೋದರು.

ನಿಮ್ಮ ಮನೆಯ ಸೊಸೆಯಾಗಿದ್ದ
ನ್ಯಾಕಿಯೋ

ಮತ್ತೆ ಬರೆದದ್ದು, ಗುರುವಾರ: ಈ ಪತ್ರ ಇನ್ನೂ ಕಚೇರಿಯ ಮೇಜಿನ ಮೇಲೆಯೇ ಇತ್ತು, ಅಧಿಕಾರಿಗಳು ಓದಿದ ಮೇಲೆಯೇ ಅಂಚೆಗೆ ಹೋಗುವುದು. ಅಷ್ಟರಲ್ಲಿ, ಬೇರೆ ಕೆಲಸಕ್ಕೆ ಇತ್ತ ಬಂದಿದ್ದ ಅನಾಥಾಲಯದ ವ್ಯಾನಿನಲ್ಲಿ ಇವನನ್ನೂ ಕಳಿಸಿಬಿಡೋಣ ಎಂದರು. ತಿಂಗಳ ಕೊನೆಯವರೆಗೆ ಯಾಕೆ ಕಾಯಬೇಕು ಎಂದರು. ವ್ಯಾನಿನಿಂದ ಇಳಿದವರು ವಯಸ್ಸಾದ ಹೆಂಗಸು, ಚಳಿಗೆ ಶಾಲು ಹೊದ್ದಿದ್ದರು. ವಾಹೋಮೆ ನನ್ನ ಕೈ ಕೊಡವಿಕೊಂಡು “ಇಲ್ಲಿದ್ದೀನಿ ಮುದುಕಿ!” ಎಂದು ಕೂಗುತ್ತ ಓಡಿದ. ತಿರುಗಿ ನೋಡಲಿಲ್ಲ. “ಅಳದೆ ಬಂದ ಮಗು ಇದೇ ಮೊದಲು ಕಣಮ್ಮ, ಎಷ್ಟು ಜಾಣ!” ಎಂದು ಅವರು ನನ್ನನ್ನೇ ಹೊಗಳಿದರು. ಬಾಟಲಿಗಳ ಚೀಲ ಗೇಟಿನಲ್ಲೇ ಉಳಿಯಿತು. ಅವನನ್ನು ಎಲ್ಲಿಗೆ ಒಯ್ದರೆಂದು ನನಗೆ ಹೇಳುವುದಿಲ್ಲವಂತೆ. ನೀವು ಕೇಳಿದರೆ ಹೇಳುತ್ತಾರೆ. ಆ ಹೆಂಗಸು ಎತ್ತಿಕೊಂಡಾಗ ಅವನು ಅವರ ಹಣೆಯ ಮೇಲೆ ಬೆರಳಾಡಿಸಿದ. ಅವರು ನಕ್ಕು ಕೈ ಸರಿಸಿದರು. ಅವನು ಮತ್ತೆ ಇಟ್ಟ. ವ್ಯಾನಿನ ಬಾಗಿಲು ಮುಚ್ಚುವವರೆಗೂ ಅವನ ಬೆರಳು ಆ ನುಣ್ಣನೆಯ ಹಣೆಯ ಮೇಲೆ ಹುಡುಕುತ್ತಲೇ ಇತ್ತು.