ನೀರಿಗೆ ಬಿಟ್ಟ ನೈಲಾನ್ ಎಳೆ

ಸುರಪುರ, ೧೧ ಡಿಸೆಂಬರ್ ೧೯೪೬, ಬುಧವಾರ

ಎಂಟು ದಿನದ ಸಿಟ್ಟು ಇವತ್ತು ಇಳಿಯಿತು. ಹೆಂಡತಿ ಶೇಖಮ್ಮನ ತಮ್ಮ ಮಾನಪ್ಪ ಸಿಕಂದರಾಬಾದಿನಿಂದ ತಂದ ಹಳೆಯ ಪ್ಯಾರಾಚೂಟಿನ ನೈಲಾನ್ ಹಗ್ಗವನ್ನು ಕಬ್ಬಿಣದ ಸೌಟಿನಲ್ಲಿ ಕರಗಿಸಿ ಎಳೆ ತೆಗೆಯುತ್ತಿದ್ದೆ. ಆರಿದ ಮೇಲೆ ಎಳೆದರೆ ಪಟ್ಟನೆ ಮುರಿಯುತ್ತಿತ್ತು.

ಶೇಖಮ್ಮ ರೊಟ್ಟಿ ಬಡಿಯುತ್ತಲೇ ಅಂದಳು: "ಸಾವಕಾಶ ಆರಾಕ ಬಿಟ್ರ ಬೆಲ್ಲದ ಪಾಕನೂ ಹರಳುಗಟ್ಟಿ ಮುರೀತದ್ರಿ. ತಣ್ಣೀರಾಗ ಬಿಡ್ರಿ."

ವಿಜ್ಞಾನದ ಮಾಸ್ತರ ನಾನು, ನನಗೆ ಹೊಳೆಯಲಿಲ್ಲ!

ನೀರಿಗೆ ಬಿಟ್ಟ ಎಳೆ ಗಾಜಿನಂತೆ ತಿಳಿಯಾಗಿತ್ತು. ಎಳೆದೆ. ನಡುವೆ ಒಂದು ಕಡೆ ಸಣ್ಣಗಾಯಿತು, ಆ ಸಣ್ಣತನ ಎರಡೂ ತುದಿಗೆ ಹರಿಯಿತು, ಒಂದು ಗೇಣು ನಾಲ್ಕಾಗಿ ನಿಂತುಬಿಟ್ಟಿತು. ಒಳಗಿನ ಅಣುಗಳ ಸರಪಳಿಗಳೆಲ್ಲ ಒಂದೇ ದಿಕ್ಕಿಗೆ ಸಾಲುಗಟ್ಟಿರಬೇಕು. ಸಣ್ಣದಾದಷ್ಟೂ ಗಟ್ಟಿ!

ಬಲೆ ಹೆಣೆಯುವವರ ಮಗಳು ಶೇಖಮ್ಮ. ನೂಲು ಕಂಡರೆ ಕಚ್ಚಿ ನೋಡಲೇಬೇಕು. ಕಚ್ಚಿದಳು, ಬೆರಳಿಗೆ ಸುತ್ತಿ ಜಗ್ಗಿದಳು. ಬೆರಳು ಕೊಯ್ದು ರಕ್ತ ಬಂತು. ನೂಲಿಗೆ ಏನೂ ಆಗಲಿಲ್ಲ.

"ಇದು ಹೊಳಿ ನೀರಾಗ ಕೊಳೀತದೇನ್ರಿ?"

ಅವಳ ಅಪ್ಪನ ಬಲೆ ಪ್ರತಿ ವರ್ಷ ಕೃಷ್ಣೆಯಲ್ಲಿ ಕೊಳೆಯುತ್ತದೆ. ಇದು ಕೊಳೆಯುವುದಿಲ್ಲ ಎಂದೆ. ಬೆರಳು ಚೀಪುತ್ತ ಸೌಟಿನ ಕಡೆ ನೋಡಿದಳು.

"ಹಂಗಾದ್ರ ಸೌಟು ಸಾಲಂಗಿಲ್ರಿ. ನಾಳಿ ಕೊಪ್ಪರಿಗಿ ಇಡ್ರಿ."

ನಮ್ಮ ಬಳಿ ಇರುವುದು ನಾಲ್ಕು ಗೇಣು. ಗೂಟಕ್ಕೆ ಅದನ್ನು ಕಟ್ಟಿ ತುಂಬಿದ ತಂಬಿಗೆ ತೂಗಿಸಿದ್ದೇವೆ. ಬಿದ್ದಿಲ್ಲ. ಅವಳೂ ಮಲಗಿಲ್ಲ, ತಂಬಿಗೆಯನ್ನೇ ನೋಡುತ್ತ ಕೂತಿದ್ದಾಳೆ.